ಅಪ್‌ಡೇಟ್: ಕಟಿಂಗ್ ಮೊದಲೋ, ರೋಬಾಟ್ ವೆಲ್ಡಿಂಗ್ ಮೊದಲೋ?

ಐಟಿಐ ವೆಲ್ಡರ್ ತರಬೇತಿ ಮುಗಿಸಿದ ನಾನು ರೋಬಾಟ್ ವೆಲ್ಡಿಂಗ್ ಮೊದಲು ಕಲಿಯಬೇಕೋ, ಸಿಎನ್‌ಸಿ ಪ್ಲಾಸ್ಮಾ ಕಟಿಂಗ್ (ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಅತಿ ಬಿಸಿ ಅನಿಲದ ಧಾರೆಯಿಂದ ಲೋಹ ಕತ್ತರಿಸುವುದು) ಮೊದಲೋ ಎಂದು ಆರು ತಿಂಗಳ ಹಿಂದೆ ಕೇಳಿದ್ದೆ. ಕಟಿಂಗ್‌ನಿಂದ ಆರಂಭಿಸಿ ಎಂದ ಹಿರಿಯರ ಮಾತಿನಂತೆ ಪೀಣ್ಯದ ಒಂದು ಕಾರ್ಖಾನೆ ಸೇರಿದೆ. ಆ ಸಲಹೆ ನಿಜಕ್ಕೂ ಸರಿಯಾಗಿತ್ತು.

ಪ್ಲಾಸ್ಮಾ ಸುಮಾರು 2 ಮಿ.ಮೀ. ಅಗಲದ ಲೋಹವನ್ನು ಕರಗಿಸಿ ಒಯ್ಯುವುದರಿಂದ, ಪ್ರೋಗ್ರಾಮಿನಲ್ಲಿ ಆ ಅಗಲವನ್ನು (ಕರ್ಫ್) ಲೆಕ್ಕ ಹಾಕದೆ ನಾನು ಕತ್ತರಿಸಿದ 100 ಮಿ.ಮೀ. ಚೌಕ 98ಕ್ಕೆ ಇಳಿದಿತ್ತು. ಹೀಗೆ ಅಳತೆ ತಪ್ಪಿದ ತುಂಡುಗಳನ್ನು ಜೋಡಿಸಿದರೆ ನಡುವೆ ಸಂದು ಉಳಿಯುತ್ತದೆ. ಕೈಯಿಂದ ವೆಲ್ಡ್ ಮಾಡುವವರು ಅಂಥ ಸಂದನ್ನು ಕಣ್ಣಳತೆಯಲ್ಲೇ ತುಂಬಿಬಿಡುತ್ತಾರೆ. ಆದರೆ ಸೀಮ್ (ತುಂಡುಗಳು ಕೂಡುವ ಗೆರೆ) ಹುಡುಕುವ ಸೆನ್ಸರ್ ಇಲ್ಲದ ರೋಬಾಟ್, ಕಲಿಸಿದ ಬಿಂದುಗಳ ಮೇಲೆಯೇ ಸಾಗಿ ಸಂದಿನ ಪಕ್ಕದಲ್ಲಿ ಬೀಡ್ (ವೆಲ್ಡಿನ ಲೋಹದ ಪಟ್ಟಿ) ಎಳೆಯುತ್ತದೆ. ಅದಕ್ಕೇ ಮೊದಲು ಕಟಿಂಗ್ ಕಲಿಯಬೇಕು. ಕಳೆದ ತಿಂಗಳಿಂದ ರೋಬಾಟ್‌ಗೆ ಬಿಂದುಗಳನ್ನು ಕಲಿಸುವ ಕೈ ಸಾಧನ, ಟೀಚ್ ಪೆಂಡೆಂಟ್, ನನ್ನ ಕೈಗೆ ಬಂದಿದೆ. ಟಾರ್ಚಿನ ಕೋನ ಹೊಂದಿಸುವಾಗ ಐಟಿಐಯಲ್ಲಿ ಪಳಗಿದ ಕೈಯೇ ನೆರವಾಗುತ್ತಿದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.