ಘಟ್ಟದ ಮೇಲಿನ ನಮಗೆ ಸಮುದ್ರ ಯಾಕೆ ಬೇಕು? ಮಗಳ ಭಾಷಣಕ್ಕೆ ಸಹಾಯ ಮಾಡಿ

ಹುಲಿಕಲ್ ತಿರುವು:

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲೂಕಿನ 'ನಗರ' ಅನ್ನುವ ಊರಿನ ಹತ್ತಿರ ನಮ್ಮ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಮಗಳು ಒಂಬತ್ತನೇ ಕ್ಲಾಸು. ಬರುವ ವಾರ ಶಾಲೆಯಲ್ಲಿ ಐದು ನಿಮಿಷ ಮಾತಾಡಬೇಕಂತೆ. ವಿಷಯ: 'ದೇಶಕ್ಕೆ ಕರಾವಳಿಯ ಮತ್ತು ಸಮುದ್ರ ಸಂಪತ್ತಿನ ಬೆಲೆ'.

ಮೊದಲ ಸಾಲಲ್ಲೇ ಸಿಕ್ಕಿಬಿದ್ದಿದ್ದೇವೆ. ಮನೆಯಲ್ಲಿರುವ ಪುಸ್ತಕದಲ್ಲಿ ಭಾರತದ ಕರಾವಳಿ 7,516 ಕಿ.ಮೀ. ಅಂತ ಇದೆ. ಪೇಪರಿನಲ್ಲಿ 11,098 ಕಿ.ಮೀ. ಅಂತ ಓದಿದ ನೆನಪು. ಯಾವುದು ಸರಿ?

ಎರಡನೇದು ಅವಳೇ ಕೇಳಿದ ಪ್ರಶ್ನೆ. "ಅಪ್ಪಾ, ಸಮುದ್ರ ಕುಂದಾಪುರದವರದ್ದು, ಉಡುಪಿಯವರದ್ದು. ನಮಗೂ ಅದಕ್ಕೂ ಏನು ಸಂಬಂಧ?" ಆಗ ಮನೆಗೆ ಬಂದಿದ್ದ ನೆಂಟರೊಬ್ಬರು, "ನಮ್ಮ ಮಳೆ ನೀರೆಲ್ಲ ಸುಮ್ನೆ ಸಮುದ್ರ ಸೇರಿ ಪೋಲಾಗ್ತಿದೆ, ಅದನ್ನೇ ಬರಿ" ಅಂದರು. ಅವಳು ಬರೆದುಕೊಂಡೂ ಬಿಟ್ಟಳು. ಆ ಮಾತು ನನಗ್ಯಾಕೋ ಸರಿ ಅನ್ನಿಸಲಿಲ್ಲ. ಆದರೆ ಯಾಕೆ ತಪ್ಪು ಅಂತ ಹೇಳಲು ಬರಲಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸರಪಳಿ ಅಳತೆ, ಶಿವಮೊಗ್ಗ:

ಸರ್ವೆ ಕೆಲಸದಲ್ಲಿ ಇದ್ದವನು ನಾನು, ಹಾಗಾಗಿ ಲೆಕ್ಕದ ಪ್ರಶ್ನೆ ನನಗಿರಲಿ. ಎರಡೂ ಸರಿ. 7,516 ಹಳೆಯ ಅಳತೆ, 11,098 ಹೊಸದು. ಈಗ ಸರ್ಕಾರ ಹೊಸದನ್ನೇ ಒಪ್ಪಿಕೊಂಡಿದೆ. ಮಗಳು ಅದನ್ನೇ ಹೇಳಲಿ.

ಸಮುದ್ರ ಬೆಳೆದಿಲ್ಲ, ನೆಲವೂ ಬೆಳೆದಿಲ್ಲ. ನಿಮ್ಮ ತೋಟದ ಒಂದು ಬದಿಗೆ ಹಳ್ಳ ಇದೆ ಅಂದುಕೊಳ್ಳಿ. ಈ ತುದಿಯಿಂದ ಆ ತುದಿಗೆ ನೇರ ಹಗ್ಗ ಎಳೆದರೆ ನೂರು ಮೀಟರ್. ಅದೇ ಹಳ್ಳದ ಅಂಚು ಹಿಡಿದು, ಒಂದೊಂದು ತಿರುವಿಗೂ ಗೂಟ ಹೊಡೆದು ತಂತಿ ಎಳೆದರೆ ನೂರೈವತ್ತು ಆಗುತ್ತದೆ. ಹಳೆಯ ನಕ್ಷೆಯಲ್ಲಿ ಸಣ್ಣ ಕೊಲ್ಲಿ, ಅಳಿವೆ (ಹೊಳೆ ಸಮುದ್ರ ಸೇರುವ ಜಾಗ), ಸಮುದ್ರಕ್ಕೆ ಚಾಚಿದ ಮರಳ ಕೋಡಿ ಯಾವುದೂ ಕಾಣುತ್ತಿರಲಿಲ್ಲ. ಹೊಸದರಲ್ಲಿ ಕಾಣುತ್ತವೆ. ಗುಜರಾತಿನದ್ದು 1,214 ಇದ್ದದ್ದು 2,340 ಆಯಿತು. ನಮ್ಮ ರಾಜ್ಯದ್ದು 280 ಇದ್ದದ್ದು 343.

ಆದರೆ ಉದ್ದಕ್ಕಿಂತ ದೊಡ್ಡ ವಿಷಯ ಅಗಲ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ಸಮುದ್ರ ಪೂರ್ತಿ ನಮ್ಮ ದೇಶದ್ದೇ. 200 ನಾಟಿಕಲ್ ಮೈಲಿವರೆಗೆ, ಸುಮಾರು 370 ಕಿ.ಮೀ., ಅಲ್ಲಿನ ಮೀನು, ಎಣ್ಣೆ, ಗ್ಯಾಸು, ತಳದ ಖನಿಜದ ಹಕ್ಕು ನಮ್ಮದು. ಹಡಗು ಯಾವ ದೇಶದ್ದು ಬೇಕಾದರೂ ಹಾದುಹೋಗಬಹುದು, ಬಲೆ ಬೀಸುವ ಹಾಗಿಲ್ಲ. 1976ರಲ್ಲೇ ನಮ್ಮಲ್ಲಿ ಇದಕ್ಕೆ ಕಾನೂನು ಬಂತು. ಈ ಪ್ರದೇಶ ಒಟ್ಟು 20 ಲಕ್ಷ ಚದರ ಕಿ.ಮೀ.ಗಿಂತ ಜಾಸ್ತಿ. ಅಂದರೆ ಹತ್ತು ಕರ್ನಾಟಕ! ಲಕ್ಷದ್ವೀಪದ ನೆಲ ಎಲ್ಲಾ ಸೇರಿದರೆ 32 ಚದರ ಕಿ.ಮೀ., ನಮ್ಮ ಒಂದು ಹೋಬಳಿಯಷ್ಟೂ ಇಲ್ಲ. ಆದರೆ ಆ ದ್ವೀಪಗಳು ಇರುವುದರಿಂದಲೇ ಸುಮಾರು 4 ಲಕ್ಷ ಚದರ ಕಿ.ಮೀ. ಸಮುದ್ರ ದೇಶಕ್ಕೆ ಸಿಕ್ಕಿದೆ. ಇದೊಂದನ್ನು ಹೇಳಿದರೆ ಕ್ಲಾಸಿನವರೆಲ್ಲ ಕಿವಿ ಕೊಟ್ಟು ಕೇಳುತ್ತಾರೆ.

ಅಘನಾಶಿನಿ ಮಗಳು, ಸಾಗರ:

ಅಣ್ಣಾ, ನಿಮ್ಮ ಎರಡನೇ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಹುಟ್ಟಿದ್ದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ದಂಡೆಯಲ್ಲಿ. ಮದುವೆಯಾಗಿ ಸಾಗರದ ಕಡೆ ಬಂದು ಇಪ್ಪತ್ತೆರಡು ವರ್ಷ. ತವರು ಸಮುದ್ರದ್ದು, ಗಂಡನ ಮನೆ ತೋಟದ್ದು. ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸುತ್ತೀರಿ ಅಲ್ವಾ? ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ನಾನು ಮದುವೆಯಾಗಿ ಬಂದ ವರ್ಷ, ಮೇ ತಿಂಗಳ ಕೊನೆ, ಮಾವ ಅಂಗಳದಲ್ಲಿ ಸುಣ್ಣ ಅರಳಿಸಲು ಕೂತಿದ್ದರು. ಚೀಲ ಬಿಚ್ಚಿ ಬಾನಿಗೆ ಸುರಿದರು. ನಾನು ನೋಡುತ್ತಾ ನಿಂತವಳು ಅಲ್ಲೇ ಕೂತುಬಿಟ್ಟೆ. ಅದು ನಮ್ಮೂರಿನ ಚಿಪ್ಪು. ಸುಟ್ಟು ಬೆಳ್ಳಗಾಗಿದ್ದರೂ ಬೆನ್ನ ಮೇಲಿನ ಗೆರೆ ಹಾಗೇ ಇತ್ತು. ನೀರು ಬಿದ್ದ ಕೂಡಲೇ ಬುಸ್ ಅಂತ ಹೊಗೆ ಎದ್ದು, ಗೆರೆ ಬಿರಿದು, ಚಿಪ್ಪು ಹಿಟ್ಟಾಗಿ ಹೋಯಿತು. ಮಾವ ಕತ್ತಿಯ ತುದಿಯನ್ನು ಮದ್ದಿನಲ್ಲಿ ಅದ್ದಿ ತೆಗೆದರು. ಕೆಂಪು ಹತ್ತಿತ್ತು. "ಸುಣ್ಣ ಸಾಲದು" ಅಂತ ಇನ್ನೊಂದು ಬೊಗಸೆ ಹಾಕಿಸಿದರು. ನಿಮ್ಮ ಮನೆಯಲ್ಲೂ ಹೀಗೇ ನೋಡುತ್ತೀರಿ, ಅಲ್ವಾ? ಈಗ ಕಲ್ಲುಸುಣ್ಣ, ಪ್ಯಾಕೆಟ್ ಸುಣ್ಣ ಎಲ್ಲ ಬಂದಿದೆ. ಆದರೆ ನಮ್ಮ ಮನೆಯವರು ಇವತ್ತಿಗೂ ಚಿಪ್ಪಿನ ಸುಣ್ಣವನ್ನೇ ಹುಡುಕಿಕೊಂಡು ಹೋಗುತ್ತಾರೆ.

ಆ ಚಿಪ್ಪು ಬರುವುದು ಹೇಗೆ ಗೊತ್ತಾ? ಅಳಿವೆಯಲ್ಲಿ ಇಳಿತ ಆದಾಗ ಹೆಂಗಸರು ಮೊಣಕಾಲುದ್ದ ನೀರಿಗೆ ಇಳಿಯುತ್ತಾರೆ. ಅಮ್ಮನ ಜೊತೆ ನಾನೂ ಇಳಿದವಳೇ. ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಲಿನ ಬೆರಳಲ್ಲೇ ಕೆಸರು ತಡಕಬೇಕು. ಗಟ್ಟಿಯಾಗಿ ಗುಂಡಗೆ ಸಿಕ್ಕಿದರೆ ಬಳಚು, ಅಂದರೆ ಆ ಚಿಪ್ಪಿನೊಳಗಿನ ಜೀವಿ. ಬಗ್ಗಿ ತೆಗೆದು ಬುಟ್ಟಿಗೆ ಹಾಕುವುದು. ಉಬ್ಬರ ಶುರುವಾಗುವುದರೊಳಗೆ ಮೇಲೆ ಬರಬೇಕು. ಮನೆಗೆ ತಂದು ಬೇಯಿಸಿದರೆ ಬಾಯಿ ಬಿಡುತ್ತದೆ. ಮಾಂಸ ಪದಾರ್ಥಕ್ಕೆ, ಜಾಸ್ತಿ ಇದ್ದರೆ ಪೇಟೆಗೆ. ಚಿಪ್ಪು ಹಿತ್ತಲಲ್ಲಿ ಗುಡ್ಡೆ ಬೀಳುತ್ತಿತ್ತು, ಚಿಪ್ಪು ಸುಡುವ ಸುಣ್ಣದ ಗೂಡಿನವರು ಬಂದು ತುಂಬಿಕೊಂಡು ಹೋಗುತ್ತಿದ್ದರು. ನನ್ನ ಶಾಲೆಯ ಫೀಸು ಎಷ್ಟೋ ಸಲ ಆ ಬುಟ್ಟಿಯಿಂದಲೇ ಬಂದದ್ದು.

ಈಗ ನಿಮ್ಮ ನೆಂಟರು ಹೇಳಿದ 'ಪೋಲು' ವಿಷಯ. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಸಮುದ್ರ ಸೇರುತ್ತದೆ. ಅದಕ್ಕೆ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿನೀರು ತುಂಬಿ ಬರುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಮೇಲಕ್ಕೆ ಏರುತ್ತದೆ. ಬಳಚಿಗೆ, ಸಿಗಡಿಗೆ, ಏಡಿಗೆ, ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ ಗಿಡಕ್ಕೆ ಈ ಎರಡೂ ಬೇಕು. ಹೊಳೆ ಘಟ್ಟದ ಮಣ್ಣು, ತರಗೆಲೆಯ ಸಾರ ತಂದು ಹಾಕುತ್ತದೆ. ಸಮುದ್ರದ ಮೀನು ಅಳಿವೆಗೆ ಬಂದು ಮರಿ ಬೆಳೆಸಿಕೊಂಡು ಹೋಗುತ್ತವೆ. ಅಳಿವೆ ಬದಿಯ ನಮ್ಮ ಗಜನಿ ಗದ್ದೆಯಲ್ಲಿ ಕಗ್ಗ ಅನ್ನುವ ಭತ್ತ ಆಗುತ್ತದೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಭತ್ತ ಅದು. 2024ರ ಜನವರಿಯಲ್ಲಿ ಈ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದರು. ಅದಕ್ಕಿಂತ ಮುಂಚೆ ಅದೇ ಅಳಿವೆಯ ದಂಡೆಯ ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಮಾಡುವ ಮಾತಿತ್ತು. ಜನ ಬಿಡಲಿಲ್ಲ.

ನಮ್ಮ ಶರಾವತಿ ನೋಡಿ. ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕರೆಂಟು ತೆಗೆದ ನೀರು ಈಗ ಬೇಸಿಗೆಯಲ್ಲೂ ಬಿಡದೆ ಕೆಳಗೆ ಹೋಗುತ್ತದೆ. ಇದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ಕಡಿಮೆಯಾಯಿತು, ಬಳಚು ಹೋಯಿತು, ಮೀನಿನ ಜಾತಿಗಳೂ ಕಡಿಮೆಯಾದವು. ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ನೀರು ನಿಲ್ಲಿಸಿದರೆ ಮಾತ್ರ ಅಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಿಟ್ಟರೂ ಅಳಿವೆ ಸಾಯುತ್ತದೆ. ಹೊನ್ನಾವರದಲ್ಲಿ ನನ್ನ ದೊಡ್ಡಮ್ಮನ ಮನೆ ಇದೆ. ಅವರ ಸೊಸೆಗೆ ಕೆಸರಲ್ಲಿ ಕಾಲಿನಿಂದ ಬಳಚು ಹುಡುಕುವುದು ಹೇಗೆ ಅಂತಲೇ ಗೊತ್ತಿಲ್ಲ.

ಅಣೆಕಟ್ಟು ಕಟ್ಟಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಕರೆಂಟಿನಲ್ಲೇ ರಾಜ್ಯ ಎಷ್ಟು ವರ್ಷ ಬದುಕಿತು. ಆದರೆ ಸಮುದ್ರಕ್ಕೆ ಹೋದ ನೀರು ಪೋಲು ಅಂತ ಯಾರಾದರೂ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಪುಟ್ಟಿಯ ಹತ್ತಿರ ಆ ಸಾಲು ಹೊಡೆದು ಹಾಕಿಸಿ.

ಬಂಗುಡೆ ಗಾಡಿ:

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನು ಗಂಗೊಳ್ಳಿಯಿಂದ ಮೀನು ತಂದು, ಹುಲಿಕಲ್ ಘಾಟಿ ಹತ್ತಿಸಿ, ನಗರ, ಹೊಸನಗರ, ರಿಪ್ಪನ್‌ಪೇಟೆ ಕಡೆ ಮಾರುವವನು. ಹದಿನಾಲ್ಕು ವರ್ಷ ಆಯಿತು. ಅಣ್ಣಾ, ನಿಮ್ಮ ಊರಿನ ದಾರಿಯಲ್ಲೂ ಹಾರ್ನ್ ಹೊಡೆದಿರುತ್ತೇನೆ.

ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಆಗ ನನಗೆ ವ್ಯಾಪಾರ ಇಲ್ಲ, ಒಣಮೀನು ಮಾರಿ ದಿನ ದೂಡುತ್ತೇನೆ. ಆದರೂ ಆ ರಜೆ ಬೇಕು. ನಡುವೆ ಕೆಲವು ವರ್ಷ ಬೂತಾಯಿ ಮೀನು ಬರಲೇ ಇಲ್ಲ, ಗಾಡಿಯ ಕಂತು ಕಟ್ಟಲು ಒದ್ದಾಡಿದ್ದೇನೆ. ಬೆರಳುದ್ದದ ಮರಿಯನ್ನೂ ಬಿಡದೆ ಎಳೆದು ಫಿಶ್ ಮೀಲ್‌ಗೆ (ಮೀನಿನ ಹಿಟ್ಟು ಮಾಡಲು) ಹಾಕುವುದನ್ನು ಕಣ್ಣಾರೆ ಕಂಡಿದ್ದೇನೆ. ರಾತ್ರಿ ದೊಡ್ಡ ಲೈಟು ಹಾಕಿ ಮೀನು ಗುಡ್ಡೆ ಮಾಡಿ ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ. ಆದರೂ ಆ ಜಗಳ ಬಂದರಿನಲ್ಲಿ ಮುಗಿದಿಲ್ಲ.

ಮಗಳಿಗೆ ಒಂದು ಮಾತು ಹೇಳಿ. ಮೀನು ಕೊಳ್ಳುವಾಗ ಮರಿ ಬಂಗುಡೆ ಬೇಡ ಅನ್ನಿ. ನೀವು ಬೇಡ ಅಂದರೆ ನಾನು ತರುವುದಿಲ್ಲ. ನಾನು ತರದಿದ್ದರೆ ಅಲ್ಲಿ ಅದಕ್ಕೆ ರೇಟು ಇಲ್ಲ.

ಇಕ್ಕೇರಿ ಕಡೆಯವ:

ನಗರದವರು ಸಮುದ್ರಕ್ಕೂ ನಮಗೂ ಏನು ಸಂಬಂಧ ಅಂತ ಕೇಳಬಾರದು! ನಿಮ್ಮ ಊರಿನ ಕೋಟೆ ನಿಂತದ್ದೇ ಬಂದರಿನ ದುಡ್ಡಿನ ಮೇಲೆ. ಕೆಳದಿ ಅರಸರ ಕಾಲದಲ್ಲಿ ಘಟ್ಟದ ಕಾಳುಮೆಣಸು ಎತ್ತಿನ ಮೇಲೆ ಕೆಳಗೆ ಇಳಿದು, ಅಲ್ಲಿನ ಅಕ್ಕಿಯ ಜೊತೆ ಹೊನ್ನಾವರ, ಬಸ್ರೂರು, ಮಂಗಳೂರಿನಿಂದ ಹಡಗು ಹತ್ತುತ್ತಿತ್ತು. ಅದೇ ಎತ್ತು ವಾಪಸು ಬರುವಾಗ ಉಪ್ಪು ಹೊತ್ತು ತರುತ್ತಿದ್ದವು. ಪೋರ್ಚುಗೀಸರು 1623ರಲ್ಲಿ ರಾಯಭಾರಿಯನ್ನು ಗೇರುಸೊಪ್ಪೆ ಘಾಟಿ ಹತ್ತಿಸಿ ಕೆಳದಿ ಅರಸರ ರಾಜಧಾನಿ ಇಕ್ಕೇರಿಗೆ ಕಳಿಸಿದ್ದರು. ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಆ ತಂಡದ ಜೊತೆ ಬಂದು ಕಂಡದ್ದನ್ನೆಲ್ಲ ಬರೆದಿಟ್ಟ. ಮುಂದೆ ಕೆಳದಿಯ ಶಿವಪ್ಪನಾಯಕ ಪೋರ್ಚುಗೀಸರ ಕರಾವಳಿ ಕೋಟೆಗಳನ್ನೇ ಕಿತ್ತುಕೊಂಡ. 1763ರಲ್ಲಿ ಹೈದರಾಲಿ ಬಿದನೂರು, ಅಂದರೆ ನಿಮ್ಮ ನಗರವನ್ನೇ ಗೆದ್ದಾಗ ಅವನಿಗೆ ಬಂದರುಗಳೂ ಜೊತೆಗೇ ಸಿಕ್ಕವು.

ಹುಲಿಕಲ್ ತಿರುವು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳು ಪಕ್ಕದಲ್ಲೇ ಕೂತು ಓದಿದಳು. ಅಕ್ಕ ಬರೆದದ್ದನ್ನು ಎರಡು ಸಲ ಓದಿಸಿದಳು. ಸುಣ್ಣದ ಚೀಲ ಇನ್ನೂ ಅಟ್ಟದ ಮೇಲಿತ್ತು, ಹತ್ತಿ ಹೋಗಿ ಕೈ ಹಾಕಿ ನೋಡಿದಳು. ಮೂರ್ನಾಲ್ಕು ಚೂರಿನ ಮೇಲೆ ಗೆರೆ ಸಿಕ್ಕಿತು! ಒಂದನ್ನು ಭಾಷಣದ ದಿನ ತೆಗೆದುಕೊಂಡು ಹೋಗುತ್ತಾಳಂತೆ. ಪೋಲು ಅನ್ನುವ ಸಾಲು ಅವಳೇ ಹೊಡೆದು ಹಾಕಿದಳು.

ಅವಳದ್ದೇ ಇನ್ನೊಂದು ಪ್ರಶ್ನೆ ಇದೆ ಅಕ್ಕಾ. ಹಾಗಾದರೆ ಹೊಸ ಬಂದರು, ಹಡಗು ಎಲ್ಲ ಬೇಡವಾ ಅಂತ ಕೇಳುತ್ತಿದ್ದಾಳೆ.

ಅಘನಾಶಿನಿ ಮಗಳು, ಸಾಗರ:

ಒಳ್ಳೆ ಪ್ರಶ್ನೆ ಪುಟ್ಟಿ. ಬೇಡ ಅನ್ನಲು ಆಗುವುದಿಲ್ಲ. ನಮ್ಮ ದೇಶ ಹೊರಗಿನವರ ಜೊತೆ ಮಾಡುವ ವ್ಯಾಪಾರದಲ್ಲಿ ತೂಕದ ಲೆಕ್ಕಕ್ಕೆ ನೂರರಲ್ಲಿ 95 ಭಾಗ ಸಮುದ್ರದ ಮೇಲೇ ಹೋಗುವುದು, ಬರುವುದು. ಅಪ್ಪ ಅಡಿಕೆ ಮರದ ಬುಡಕ್ಕೆ ಹಾಕುವ ಕೆಂಪು ಪೊಟ್ಯಾಷ್ ಗೊತ್ತಲ್ಲ? ಅದನ್ನು ದೇಶ ಹೊರಗಿನಿಂದಲೇ ತರಿಸಬೇಕು, ಹಡಗಿನಲ್ಲೇ ಬರಬೇಕು. ಅಡುಗೆ ಗ್ಯಾಸಿನದ್ದೂ ದೊಡ್ಡ ಪಾಲು ಹಾಗೇ ಬರುತ್ತದೆ. ಮಂಗಳೂರಿನಂಥ ಬಂದರು ಇಲ್ಲದಿದ್ದರೆ ನಮ್ಮ ತೋಟವೂ ನಡೆಯುವುದಿಲ್ಲ, ಒಲೆಯೂ ಉರಿಯುವುದಿಲ್ಲ.

ನನ್ನ ಸಂಕಟ ಬೇರೆ. ಬಂದರಿನ ಬೆಲೆ ಬರೆಯುವವರು ಟನ್ನು, ಕೋಟಿ ಎಲ್ಲ ಬರೆಯುತ್ತಾರೆ. ಅದೇ ಮರಳ ಮೇಲೆ ಮೀನು ಒಣಗಿಸುವ ಹೆಂಗಸಿಗೆ ಎಷ್ಟು ಸಿಗುತ್ತಿತ್ತು, ಬಳಚಿನ ಬುಟ್ಟಿಗೆ ಎಷ್ಟು ಬರುತ್ತಿತ್ತು ಅಂತ ಆ ಕಾಗದದಲ್ಲಿ ಒಂದು ಸಾಲೂ ಇರುವುದಿಲ್ಲ. ನನ್ನ ಅಮ್ಮ ನಲವತ್ತು ವರ್ಷ ಬಳಚು ತೆಗೆದಳು. ಯಾವ ಲೆಕ್ಕದ ಪುಸ್ತಕದಲ್ಲೂ ಅವಳ ಹೆಸರಿಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಬರೆದು, ಆಮೇಲೆ ಎಲ್ಲಿ ಕಟ್ಟಬೇಕು, ಎಲ್ಲಿ ಬಿಡಬೇಕು ಅಂತ ತೀರ್ಮಾನ ಮಾಡಲಿ. ಇಷ್ಟನ್ನು ಅವಳು ಧೈರ್ಯವಾಗಿ ಹೇಳಲಿ ಅಣ್ಣಾ.

ಮಳೆ ಮುಗಿದು ಚಳಿ ಶುರುವಾದ ಮೇಲೆ ಅವಳನ್ನು ಕರೆದುಕೊಂಡು ಬನ್ನಿ. ನಾನೂ ತವರಿಗೆ ಹೋಗುತ್ತೇನೆ. ಅಮಾವಾಸ್ಯೆ ಅಥವಾ ಹುಣ್ಣಿಮೆ ಆದ ಮಾರನೇ ದಿನ ಇಳಿತ ಜಾಸ್ತಿ, ಅವತ್ತೇ ಬರಬೇಕು. ಎಷ್ಟು ಹೊತ್ತಿಗೆ ಅಂತ ಅಮ್ಮನನ್ನು ಕೇಳಿ ಮೊದಲೇ ತಿಳಿಸುತ್ತೇನೆ. ಚಪ್ಪಲಿ ಕೆಸರಲ್ಲಿ ನಿಲ್ಲುವುದಿಲ್ಲ, ಬರಿಗಾಲಿಗೆ ಒಡೆದ ಚಿಪ್ಪು ಕೊರೆಯುತ್ತದೆ. ಅವಳಿಗೆ ಹಳೆಯ ಸಾಕ್ಸ್ ಒಂದು ಜೊತೆ ತನ್ನಿ.