ಸಹಾಯ ಬೇಕು: ಓದು ಬಾರದವರ ಜೊತೆ ಸುಳ್ಳು ಸುದ್ದಿ ಅಧ್ಯಯನ

ಎಲ್ಲರಿಗೂ ನಮಸ್ಕಾರ. ಓದು ಬರಹ ಬಾರದ ಹಿರಿಯರು ಮೊಬೈಲಿಗೆ ಬರುವ ಸುಳ್ಳು ಸುದ್ದಿಯನ್ನು ಹೇಗೆ ಅಳೆಯುತ್ತಾರೆ ಅಂತ ಅಧ್ಯಯನ ಮಾಡುತ್ತಿದ್ದೇನೆ. ತುಂಬಾ ಸಲ ಫಾರ್ವರ್ಡ್ ಆದ ಸಂದೇಶಕ್ಕೆ ವಾಟ್ಸಾಪ್ ಜೋಡಿ ಬಾಣದ ಗುರುತು ಹಾಕುತ್ತದೆ. 2020ರಿಂದ ಅಂಥದ್ದನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಫಾರ್ವರ್ಡ್ ಮಾಡಬಹುದು. ಆದರೆ ಆ ಬಾಣ ಏನು ಹೇಳುತ್ತದೆ ಅಂತ ಯಾರೂ ತಿಳಿಸಿಲ್ಲದಿದ್ದರೆ ಏನು ಪ್ರಯೋಜನ? "ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ" ಅನ್ನುವ ಆಡಿಯೋ ಮಗಳೇ ಕಳಿಸಿದರೆ ನಂಬಿಬಿಡುತ್ತಾರೆ. ಅದು ಸಹಜ ಅಲ್ವಾ? ಅವರನ್ನು ದಡ್ಡರು ಅನ್ನುವುದು ದೊಡ್ಡ ಅನ್ಯಾಯ.

ನನಗೆ ಬೇಕಿರುವುದು: ಅವಮಾನ ಆಗದಂತೆ ಪ್ರಶ್ನೆ ಕೇಳುವುದು ಹೇಗೆ? ಲಿಖಿತ ಪ್ರಶ್ನಾವಳಿ ಬದಲು ಚಿತ್ರ, ಧ್ವನಿ ಬಳಸಿದವರು ಇದ್ದೀರಾ? ಇನ್ನೊಂದು ಚಿಂತೆ ಜಾಸ್ತಿ ಕಾಡುತ್ತಿದೆ. ಪದೇ ಪದೇ ಕೇಳಿದ ಸುಳ್ಳು ನಿಜ ಅನ್ನಿಸತೊಡಗುತ್ತದೆ. ಹಾಗಾದರೆ ಉದಾಹರಣೆಗೆ ಅಂತ ಸುಳ್ಳನ್ನೇ ಕೇಳಿಸುವುದು ಸರಿಯಾ? ಅನುಭವ ಇರುವವರು ದಯವಿಟ್ಟು ಬರೆಯಿರಿ.