ಒಂದನೆಯ ತರಗತಿಯ ಮಗು ಒಬ್ಬಳೇ ಶಾಲೆಗೆ ನಡೆದು ಹೋಗಬಹುದೇ?

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಷ್ಟೇ ಬೆಂಗಳೂರಿನಿಂದ ಮ್ಯೂನಿಕ್‌ಗೆ ಬಂದ ನಮ್ಮ ಗುಂಪಿನ ತಾಯಿಯೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಒಂದನೆಯ ತರಗತಿಗೆ ಸೇರಿದ ಅವರ ಮಗಳನ್ನು ಶರತ್ಕಾಲದ ರಜೆ ಮುಗಿದ ಮೇಲೆ ಒಬ್ಬಳೇ ನಡೆದು ಬರಲು ಬಿಡಿ ಎಂದು ಶಿಕ್ಷಕಿ ಪೋಷಕರ ಸಭೆಯಲ್ಲಿ ಹೇಳಿದರಂತೆ. ಇದು ಕಾನೂನು ಒಪ್ಪುವ ಮಾತೇ ಎಂಬುದು ಅವರ ಗಾಬರಿ. ಬಂದ ಉತ್ತರಗಳಲ್ಲಿ ಅರ್ಧ "ಇಲ್ಲಿ ಎಲ್ಲರೂ ಹಾಗೆಯೇ ಕಳಿಸುತ್ತಾರೆ, ಏನೂ ಆಗುವುದಿಲ್ಲ" ಎನ್ನುತ್ತವೆ. ಉಳಿದರ್ಧ "ದಯವಿಟ್ಟು ಕಳಿಸಬೇಡಿ, ಮಕ್ಕಳ ಇಲಾಖೆಯವರು ಬಂದು ಕರೆದುಕೊಂಡು ಹೋಗುತ್ತಾರೆ" ಎನ್ನುತ್ತವೆ. ಎರಡನ್ನೂ ನಾನು ಒಪ್ಪುವುದಿಲ್ಲ. ನನ್ನ ಮಗಳು ಈಗ ನಾಲ್ಕನೆಯ ತರಗತಿಯಲ್ಲಿದ್ದಾಳೆ; ಈ ದಾರಿಯನ್ನು ನಾವೂ ಒಮ್ಮೆ ಹೆದರಿಕೊಂಡೇ ದಾಟಿದವರು. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಇಂತಿಷ್ಟು ವಯಸ್ಸಿನ ಒಳಗಿನ ಮಗು ಹಿರಿಯರಿಲ್ಲದೆ ಹೊರಗೆ ಹೋಗಬಾರದು ಎಂಬ ನಿಯಮ ಜರ್ಮನಿಯಲ್ಲಿ ಇಲ್ಲ. ಸ್ವತಂತ್ರವಾಗಿ, ಹೊಣೆಯರಿತು ನಡೆದುಕೊಳ್ಳುವ ಶಕ್ತಿ ಮಗುವಿನಲ್ಲಿ ಬೆಳೆಯುತ್ತಿರುತ್ತದೆ ಎಂಬುದನ್ನು ತಂದೆತಾಯಿ ಗಮನದಲ್ಲಿಟ್ಟುಕೊಂಡು ಸಾಕಬೇಕು ಎಂದು ಇಲ್ಲಿಯ ನಾಗರಿಕ ಸಂಹಿತೆಯ 1626ನೆಯ ಕಲಮು ಹೇಳುತ್ತದೆ. ಅದೇ ಸಂಹಿತೆಯ 832ನೆಯ ಕಲಮಿನ ಪ್ರಕಾರ, ಮಗುವಿನ ಮೇಲೆ ನಿಗಾ ಇಡುವ ಕರ್ತವ್ಯದಲ್ಲಿ ತಂದೆತಾಯಿ ತಪ್ಪಿದರೆ ಮಗು ಮಾಡಿದ ಹಾನಿಗೆ ಅವರು ಹೊಣೆ. ಕಟ್ಟಡ ಕಟ್ಟುವ ಜಾಗದ ಬೇಲಿಗಳ ಮೇಲೆಲ್ಲ "ಮಕ್ಕಳು ಮಾಡಿದ್ದಕ್ಕೆ ತಂದೆತಾಯಿ ಹೊಣೆ" ಎಂಬ ಹಳದಿ ಫಲಕವನ್ನು ನೀವು ನೋಡಿರುತ್ತೀರಿ. ಅದು ಕಾನೂನಿನ ಅರ್ಧವನ್ನಷ್ಟೇ ಹೇಳುತ್ತದೆ, ಏಕೆಂದರೆ ಕರ್ತವ್ಯ ತಪ್ಪದಿದ್ದವರ ಮೇಲೆ ಆ ಹೊಣೆ ಬೀಳುವುದಿಲ್ಲ. ಎಷ್ಟು ನಿಗಾ ಇಟ್ಟರೆ ಸಾಕು ಎಂಬುದಕ್ಕೂ ಒಂದು ಅಳತೆಯಿದೆ. ನಿಲ್ಲಿಸಿದ್ದ ಕಾರುಗಳನ್ನು ಮಕ್ಕಳು ಗೀಚಿದ ಮೊಕದ್ದಮೆಗಳಲ್ಲಿ ಕಾರ್ಲ್ಸ್‌ರೂಹೆಯ ಫೆಡರಲ್ ನ್ಯಾಯಾಲಯ 2009ರಲ್ಲಿ ತೀರ್ಪು ಕೊಡುವಾಗ, ಐದೂವರೆ ವರ್ಷದ ಸಾಮಾನ್ಯ ಮಗು ಬಯಲಿನಲ್ಲಿ ಆಡುತ್ತಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಹೋಗಿ ನೋಡಿದರೆ ಸಾಕೆಂದಿತು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಆಟದ ಜಾಗದಲ್ಲಿ ಆಯಾ ಒಬ್ಬರು ಕಾಯುತ್ತಲೇ ಇರುತ್ತಿದ್ದುದನ್ನು ನೋಡಿ ಬಂದ ನನಗೆ ಇದನ್ನು ಮೊದಲು ಓದಿದಾಗ ನಂಬಿಕೆಯೇ ಬರಲಿಲ್ಲ.

ಇಲಾಖೆಯವರ ಭಯ ಹೆಚ್ಚಾಗಿ ನಮಗೆ ಅಮೆರಿಕದ ನೆಂಟರಿಂದ ಬಂದದ್ದು. ಅಲ್ಲಿ ರಾಜ್ಯಕ್ಕೊಂದು ನಿಯಮವಿದೆ. ಎಂಟು ವರ್ಷದೊಳಗಿನ ಮಗುವನ್ನು ಮನೆಯಲ್ಲಿ ಅಥವಾ ಕಾರಿನಲ್ಲಿ ಒಂಟಿಯಾಗಿ ಬಿಡುವುದು ಮೇರಿಲ್ಯಾಂಡ್‌ನಲ್ಲಿ ಅಪರಾಧ. ಮಕ್ಕಳು ಒಂಟಿಯಾಗಿ ನಡೆದು ಹೋಗುವುದನ್ನು, ಆಡುವುದನ್ನು ನಿರ್ಲಕ್ಷ್ಯವೆಂದು ಎಣಿಸಬಾರದು ಎಂದು 2018ರಲ್ಲಿ ಯೂಟಾ ರಾಜ್ಯ ಕಾನೂನು ಮಾಡಿತು, 2021ರಲ್ಲಿ ಟೆಕ್ಸಸ್ ಅದೇ ದಾರಿ ಹಿಡಿಯಿತು. ಟೆಕ್ಸಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಮಾತ್ರ ಇವತ್ತಿಗೂ ಮನೆಯ ಮುಂದಿನ ಹುಲ್ಲಿನಲ್ಲಿ ಮಗ ಆಡುವಾಗ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅವನ ಭಯಕ್ಕೆ ಅಲ್ಲಿ ಕಾರಣವಿರಬಹುದು. ಅದನ್ನು ಮ್ಯೂನಿಕ್‌ಗೆ ತರಬೇಕಾಗಿಲ್ಲ.

ಇನ್ನು ಏನೂ ಆಗುವುದಿಲ್ಲ ಎನ್ನುವವರಿಗೆ. ಇಲ್ಲಿಯ ಮಕ್ಕಳು ಒಂಟಿಯಾಗಿ ನಡೆಯುತ್ತಾರೆ ಎಂಬುದು ನಿಜ, ಆದರೆ ಅದರ ಹಿಂದೆ ಎಷ್ಟೊಂದು ಏರ್ಪಾಡಿದೆ ಎಂಬುದು ಹೊಸಬರಿಗೆ ಕಾಣುವುದಿಲ್ಲ. ಸುರಕ್ಷಿತ ದಾರಿಯನ್ನು ಗುರುತು ಮಾಡಿದ ನಕ್ಷೆ ಸಿಗುತ್ತದೆ, ಪೊಲೀಸರು ಬಂದು ಮಕ್ಕಳಿಗೆ ರಸ್ತೆ ದಾಟುವುದನ್ನು ಕಲಿಸುತ್ತಾರೆ, ಮುಖ್ಯ ದಾಟುಜಾಗಗಳಲ್ಲಿ ಶೂಲ್‌ವೇಗ್‌ಹೆಲ್ಫರ್ ಎಂಬ ಸಹಾಯಕರು ಕೈಯಲ್ಲಿ ಫಲಕ ಹಿಡಿದು ನಿಲ್ಲುತ್ತಾರೆ. ಶಾಲೆಗೆ ಹೋಗಿಬರುವ ದಾರಿಯಲ್ಲಿ ಮಗುವಿಗೆ ಏನಾದರೂ ಆದರೆ 1971ರಿಂದ ಸರ್ಕಾರಿ ಅಪಘಾತ ವಿಮೆಯ ರಕ್ಷಣೆಯಿದೆ. ದಾರಿ ಬಿಟ್ಟು ಐಸ್‌ಕ್ರೀಂ ಅಂಗಡಿಗೆ ಸುತ್ತು ಹಾಕಿದರೆ ಸಾಮಾನ್ಯವಾಗಿ ಆ ರಕ್ಷಣೆ ಇರುವುದಿಲ್ಲ ಎಂಬುದನ್ನೂ ತಿಳಿದಿರಿ. ಇವೆಲ್ಲದರ ಮೇಲೆ, ಮಕ್ಕಳೆದುರು ಕೆಂಪು ದೀಪದಲ್ಲಿ ರಸ್ತೆ ದಾಟಬಾರದು ಎಂಬ ಕಟ್ಟುಪಾಡು ಇಲ್ಲಿಯವರಲ್ಲಿ ಬೇರೂರಿದೆ. ಒಂದು ಸಂಜೆ ಕಾರೇ ಇಲ್ಲದ ರಸ್ತೆಯೆಂದು ನಾನು ಒಂದು ಹೆಜ್ಜೆ ಮುಂದಿಟ್ಟಾಗ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನನ್ನ ಮಗಳತ್ತ ಕಣ್ಣು ತೋರಿಸಿ ನನ್ನನ್ನು ಗದರಿದರು. ದಾವಣಗೆರೆಯ ನಮ್ಮ ವಠಾರದಲ್ಲಿ ನಾನು ಆರು ವರ್ಷಕ್ಕೇ ಕೊತ್ತಂಬರಿ ಸೊಪ್ಪು ತರಲು ಹೋಗುತ್ತಿದ್ದಾಗಲೂ ಜಗಲಿಯ ಮೇಲೆ ಇಂಥದೇ ಒಬ್ಬ ಅಜ್ಜಿ ಕೂತಿರುತ್ತಿದ್ದರು. ಆದರೆ ಅಲ್ಲಿ ಟ್ರಾಮ್ ಇರಲಿಲ್ಲ, ಎದುರು ಬರುವುದು ಹೆಚ್ಚೆಂದರೆ ಎತ್ತಿನಗಾಡಿ ಅಥವಾ ಲೂನಾ.

ನಮ್ಮ ಮಕ್ಕಳ ತೊಡಕು ಬೇರೆ. ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ ಬೆಳೆದು, ಶಾಲಾ ವ್ಯಾನಿನಲ್ಲೇ ಓಡಾಡಿದ ಮಗು ಆರು ವರ್ಷ ತುಂಬಿದರೂ ಒಂದು ರಸ್ತೆಯನ್ನು ತಾನಾಗಿ ದಾಟಿರುವುದಿಲ್ಲ. ಇಲ್ಲಿಯ ಮಗು ಮೂರು ವರ್ಷಕ್ಕೇ ಪೆಡಲಿಲ್ಲದ ಪುಟ್ಟ ಸೈಕಲ್ ನೂಕಿಕೊಂಡು ಪ್ರತಿ ತಿರುವಿನಲ್ಲಿ ನಿಂತು ಅಮ್ಮನಿಗಾಗಿ ಕಾಯುವುದನ್ನು ಕಲಿತಿರುತ್ತದೆ. ವಯಸ್ಸು ಒಂದೇ ಆದರೂ ಅಭ್ಯಾಸ ಒಂದೇ ಅಲ್ಲ. ಶಿಕ್ಷಕಿ ಹೇಳಿದ ದಿನಾಂಕಕ್ಕೆ ಸರಿಯಾಗಿ ಕೈ ಬಿಡಬೇಕೆಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ; ಆದರೆ ಅಭ್ಯಾಸವನ್ನು ಇವತ್ತೇ ಶುರು ಮಾಡಬೇಕು.

ನಾವು ಮಾಡಿದ್ದು ಹೀಗೆ. ಎರಡು ವಾರ ನಾವು ಕೈಹಿಡಿದು ನಡೆದೆವು. ಆಮೇಲೆ ಎರಡು ವಾರ ಅವಳೇ ನಮ್ಮನ್ನು ಕರೆದುಕೊಂಡು ಹೋದಳು, ಎಲ್ಲಿ ನಿಲ್ಲಬೇಕು, ಎಲ್ಲಿ ನೋಡಬೇಕು ಎಂದು ಅವಳು ಹೇಳಬೇಕು, ನಾವು ಕೇಳಬೇಕು. ಆಗಲೇ ನನಗೆ ತಿಳಿದದ್ದು, ನಾನು ಹೆದರಿದ್ದ ದೊಡ್ಡ ಸಿಗ್ನಲ್ ನಿಜವಾದ ಅಪಾಯವಾಗಿರಲಿಲ್ಲ. ನೆಲಮಾಳಿಗೆಯ ಪಾರ್ಕಿಂಗಿನಿಂದ ಕಾರುಗಳು ಮೇಲೇರಿ ಬರುವ ಇಳಿಜಾರೇ ಅಪಾಯ, ಅಲ್ಲಿ ಚಾಲಕರಿಗೆ ಅವಳ ಬ್ಯಾಗಿನ ಮೇಲ್ಭಾಗವೂ ಕಾಣುತ್ತಿರಲಿಲ್ಲ. ಇನ್ನೊಂದು ಅಪಾಯ ಶಾಲೆಯ ಬಾಗಿಲಿನಲ್ಲೇ ಇತ್ತು: ತಮ್ಮ ಮಕ್ಕಳನ್ನು ಕಾರಿನಲ್ಲಿ ಇಳಿಸಿ ಅವಸರದಲ್ಲಿ ಹಿಂದಕ್ಕೆ ತೆಗೆಯುವ ಪೋಷಕರು. ಡಿಸೆಂಬರಿನಲ್ಲಿ ಎಂಟು ಗಂಟೆಗೆ ಶಾಲೆ ಶುರುವಾಗುವ ಹೊತ್ತಿಗೆ ಮ್ಯೂನಿಕ್‌ನಲ್ಲಿ ಸೂರ್ಯ ಆಗಷ್ಟೇ ಏಳುತ್ತಿರುತ್ತಾನೆ, ಆದ್ದರಿಂದ ಕೊಳೆ ಕಾಣದಿರಲಿ ಎಂದು ನಾವೆಲ್ಲ ಕೊಳ್ಳುವ ಕಪ್ಪು ಜಾಕೆಟ್‌ಗಳ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಹಾಕಿಸಿ.

ಅಪರಿಚಿತರ ವಿಷಯದಲ್ಲಿ ಇಲ್ಲಿಯ ಮಕ್ಕಳಿಗೆ ಕಲಿಸುವ ಒಂದು ಉಪಾಯ ನನಗೆ ತುಂಬ ಹಿಡಿಸಿತು. ಯಾರಾದರೂ ಕಾಡಿದರೆ "ಲಾಸೆನ್ ಸೀ ಮಿಶ್ ಇನ್ ರೂಹೆ" (ನನ್ನನ್ನು ನನ್ನ ಪಾಡಿಗೆ ಬಿಡಿ) ಎಂದು ಬಹುವಚನದಲ್ಲೇ ಕೂಗಬೇಕು. ಏಕವಚನದಲ್ಲಿ ಕೂಗಿದರೆ ಸುತ್ತಲಿನವರು ಮಗು ಅಪ್ಪನೊಂದಿಗೆ ಜಗಳವಾಡುತ್ತಿದೆ ಎಂದುಕೊಂಡು ಸುಮ್ಮನಿರಬಹುದು. ನೀನು, ನೀವು ಎಂಬ ಭೇದ ಮನೆಮಾತಿನಲ್ಲೇ ಇರುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಷ್ಟವಾದದ್ದು ಮಗಳ ಮರುಪ್ರಶ್ನೆಗೆ ಉತ್ತರ ಕೊಡುವುದು: "ಕನ್ನಡ ಮಾತಾಡುವವರು ಕೂಡ ಅಪರಿಚಿತರೇನಮ್ಮ?" ರಾಜ್ಯೋತ್ಸವದಲ್ಲಿ ಮುಖಪರಿಚಯವೂ ಇಲ್ಲದವರನ್ನೆಲ್ಲ ಅಂಕಲ್, ಆಂಟಿ ಎನ್ನಿಸಿ ತೊಡೆಯ ಮೇಲೆ ಕೂರಿಸಿದವರು ನಾವೇ ಅಲ್ಲವೇ? ಕೊನೆಗೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಗೊತ್ತುಮಾಡಿಕೊಂಡೆವು. ಅದನ್ನು ಹೇಳದವರ ಜೊತೆ, ಅವರು ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಲಿ, ಹೋಗುವಂತಿಲ್ಲ.

ಒಂದು ದಿನ ಅವಳು ಇಪ್ಪತ್ತು ನಿಮಿಷ ತಡವಾದಳು. ನಾನು ಚಪ್ಪಲಿಯಲ್ಲೇ ಓಡಿದೆ. ಎರಡನೆಯ ತಿರುವಿನ ಮರದ ಕೆಳಗೆ ಗೆಳತಿಯೊಂದಿಗೆ ಕೂತು ಕಸ್ಟಾನಿಯನ್ ಎಂಬ ಕಂದು ಬಣ್ಣದ ಹೊಳೆಯುವ ಕಾಯಿಗಳನ್ನು ಆರಿಸುತ್ತಿದ್ದಳು, ಜೇಬುಗಳು ಉಬ್ಬಿ ಜಾಕೆಟ್ಟಿನ ಜಿಪ್ ಏರುತ್ತಿರಲಿಲ್ಲ. ನಾನು ಬೈಯುತ್ತಲೇ ಮನೆಗೆ ಕರೆತಂದೆ. ಬೈದದ್ದು ಸರಿಯೇ ಎಂದು ಇವತ್ತಿಗೂ ಅನಿಸುತ್ತದೆ, ಏಕೆಂದರೆ ತಡವಾಗುವುದಿದ್ದರೆ ಮೊದಲು ಮನೆಗೆ ಬಂದು ಹೇಳಿ ಹೋಗಬೇಕೆಂಬುದು ನಮ್ಮ ಒಪ್ಪಂದವಾಗಿತ್ತು.

ಹಣದ ವಿಷಯ ಒಂದು ಮಾತು. ಏಳು ವರ್ಷದೊಳಗಿನ ಮಗು ಮಾಡಿದ ಹಾನಿಗೆ ಕಾನೂನಿನಂತೆ ಮಗು ಹೊಣೆಯಲ್ಲ, ನೀವು ಕರ್ತವ್ಯ ತಪ್ಪಿಲ್ಲವಾದರೆ ನೀವೂ ಅಲ್ಲ. ಹಾಗಾದರೆ ಗೀರು ಬಿದ್ದ ಕಾರಿನ ನೆರೆಯವರು ಬರಿಗೈಯಲ್ಲಿ ಉಳಿಯುತ್ತಾರೆ, ಬಾಂಧವ್ಯ ಕೆಡುತ್ತದೆ. ನಿಮ್ಮ ಹೊಣೆಗಾರಿಕೆ ವಿಮೆಯಲ್ಲಿ ಇಂಥ ಚಿಕ್ಕ ಮಕ್ಕಳು ಮಾಡಿದ ಹಾನಿಯೂ ಸೇರಿದೆಯೇ ಎಂದು ಪತ್ರ ತೆಗೆದು ನೋಡಿ.

ಕೊನೆಗೆ, ಪ್ರಶ್ನೆ ಕೇಳಿದ ತಾಯಿಗೆ: ನಿಮ್ಮ ಮಗಳ ದಾರಿಯಲ್ಲಿ ಟ್ರಾಮ್ ಹಳಿ ದಾಟಬೇಕೆಂದೂ ಅಲ್ಲಿ ಸಿಗ್ನಲ್ ಇಲ್ಲವೆಂದೂ ಬರೆದಿದ್ದೀರಿ. ನಾನಾಗಿದ್ದರೆ ಈಸ್ಟರ್ ರಜೆಯವರೆಗೂ ಹಳಿ ದಾಟುವವರೆಗೆ ಜೊತೆಗೆ ಹೋಗಿ, ಅಲ್ಲಿಂದ ಮುಂದಕ್ಕೆ ಒಬ್ಬಳನ್ನೇ ಬಿಡುತ್ತಿದ್ದೆ, ಶಿಕ್ಷಕಿಗೂ ಅದನ್ನು ಹಾಗೆಯೇ ಹೇಳುತ್ತಿದ್ದೆ. ಶನಿವಾರ ಬೆಳಿಗ್ಗೆ ಬಿಡುವಿದ್ದರೆ ತಿಳಿಸಿ. ನನ್ನ ಮಗಳನ್ನೂ ಕರೆದುಕೊಂಡು ಬರುತ್ತೇನೆ, ಆ ದಾರಿಯನ್ನು ಮಕ್ಕಳಿಬ್ಬರೂ ಮುಂದೆ, ನಾವು ಹಿಂದೆ ನಡೆದು ನೋಡೋಣ.